ಆರಿದ ಮೇಲೆ ಕುಗ್ಗುವ ಗಾಲಿ

“ವೈನಿ, ಇನ್ನ ಅಳಬ್ಯಾಡ್ರಿ! ನಿಮ್ಮ ಗಿರಣಿ ಕಷ್ಟ ಇವತ್ತಿಗೆ ತೀರಿತು!” ಎಂದು ಕೂಗುತ್ತ ಮೌನೇಶ ಕೈಗಾಡಿಯ ಮೇಲಿನ ತಾಡಪತ್ರಿಯನ್ನು ಸರ್ರನೆ ಎಳೆದ.

ದ್ಯಾಮವ್ವ ಅಳುತ್ತಿರಲಿಲ್ಲ. ನಿಂತುಹೋದ ಗಿರಣಿಯ ಕಸ ಗುಡಿಸುತ್ತಿದ್ದಳು. ಹಿಟ್ಟು ಬೀಳದ ನೆಲದಲ್ಲಿ ಗುಡಿಸುವುದಕ್ಕೇನೂ ಇರಲಿಲ್ಲ. ಆದರೂ ಹೊತ್ತು ಏರುವ ಮೊದಲೇ ಬಾಗಿಲು ತೆರೆದು, ಬೀಸುವ ಕಲ್ಲಿಗೆ ಊದಿನಕಡ್ಡಿ ಬೆಳಗಿ, ಕಸಬರಿಗೆ ಹಿಡಿಯುವುದನ್ನು ಅವಳು ಬಿಟ್ಟಿರಲಿಲ್ಲ. ಗಂಡ ಮಾನಪ್ಪ ತೀರಿಕೊಂಡ ಮೇಲೆ ಈ ಗಿರಣಿಯೇ ಅವಳ ಹೊಟ್ಟೆ ಹೊರೆದಿತ್ತು. ಅದಕ್ಕಿಂತ ಹೆಚ್ಚಾಗಿ, ಓಣಿಯಲ್ಲಿ ಅವಳಿಗೊಂದು ಸದ್ದು ಕೊಟ್ಟಿತ್ತು. ಗಿರಣಿ ಗುಡುಗಿತೆಂದರೆ ದ್ಯಾಮವ್ವ ಎದ್ದಿದ್ದಾಳೆ ಎಂದು ಬೆಳಗಾವಿಯ ಉದ್ಯಮಬಾಗದ ಹಿಂದಿನ ಆ ಓಣಿಗೆಲ್ಲ ತಿಳಿಯುತ್ತಿತ್ತು. ಈಗ ಅವಳು ಎದ್ದರೂ ಒಂದೇ, ಮಲಗಿದರೂ ಒಂದೇ ಎಂಬಂತಾಗಿತ್ತು.

ಆಗಿದ್ದಿಷ್ಟು. ಮೋಟಾರಿನ ಪಟ್ಟಾ ಸುತ್ತಿಕೊಂಡು ಕಲ್ಲನ್ನು ತಿರುಗಿಸುವ ಬೀಡುಕಬ್ಬಿಣದ ಗಾಲಿ ನಡುವೆ ಸೀಳಿತ್ತು. ಅಷ್ಟು ಹಳೆಯ ಗಿರಣಿಯ ಗಾಲಿ ಯಾವ ಅಂಗಡಿಯಲ್ಲೂ ಇರಲಿಲ್ಲ. ಎರಕ ಹೊಯ್ಯುವವರ ಹತ್ತಿರ ಹೋದರೆ, “ಒಂದs ಒಂದು ಗಾಲಿಗೆ ಭಟ್ಟಿ ಯಾರು ಹಚ್ಚತಾರ ಯವ್ವಾ?” ಎಂದು ನಕ್ಕು ಚಹಾ ಕುಡಿಸಿ ಕಳಿಸಿದ್ದರು. ಕೋಣೆಯ ಮಾಲಕ ಅಡಿವೆಪ್ಪ ಸಾವಕಾರ ಮಾತ್ರ ಚಹಾ ಕುಡಿಸಿರಲಿಲ್ಲ.

“ನೋಡವಾ ದ್ಯಾಮವ್ವ, ಸೋಮವಾರ ಮುಂಜಾನೆ ಬರ್ತೇನಿ. ಗಿರಣಿ ತಿರಗತಿತ್ತು ಅಂದ್ರ ಕೋಣಿ ನಿಂದು. ಇಲ್ಲಂದ್ರ ಮೊಬೈಲ್ ಅಂಗಡಿಯವ ಕಾಯಾಕತ್ತಾನ. ಮಲಗಿದ ಗಿರಣಿಗೆ ಕೋಣಿ ಕೊಟ್ಟು ನಾ ಏನ ಜೋಗುಳಾ ಹಾಡ್ಲಿ?” ಎಂದು ಹೇಳಿ ಹೋಗಿದ್ದ.

ಇವತ್ತು ಶನಿವಾರ.

ಕೈಗಾಡಿಯ ಮೇಲೆ ಇದ್ದದ್ದು ಒಂದು ವಿಚಿತ್ರ ವಸ್ತು. ಒಂದು ಕಡೆ ಉದ್ದನೆಯ ಕತ್ತಿನ ತುದಿಗೆ ಗಾಜಿನ ಕಣ್ಣು, ನಡುವೆ ಟಿ.ವಿ.ಯಂಥ ಪರದೆ, ಇನ್ನೊಂದು ಕಡೆ ಗೋದರೇಜಿನ ಕಪಾಟನ್ನು ಅಡ್ಡ ಮಲಗಿಸಿದಂಥ ಪೆಟ್ಟಿಗೆ. ಅದರ ನೆತ್ತಿಗೆ ಒಂದು ಕಬ್ಬಿಣದ ಡಬ್ಬಿ.

ಮೌನೇಶ ಅವಳ ಮೈದುನ. ಎರಕದ ಕಾರ್ಖಾನೆಯೊಂದರಲ್ಲಿ ಮೊದಲು ಮರದ ಮಾದರಿ ಕೆತ್ತುತ್ತಿದ್ದವನು, ಆಮೇಲೆ ಹಲಗೆಯ ಮೇಲೆ ಪೆನ್ಸಿಲಿನಿಂದ ನಕಾಶೆ ಬರೆದ, ಕಡೆಕಡೆಗೆ ಕಂಪ್ಯೂಟರಿನಲ್ಲಿ ಬರೆದ. ನೌಕರಿ ಮುಗಿಸಿ ಮನೆಗೆ ಬಂದ ಮೇಲೆ ಬರೆಯುವುದಕ್ಕೆ ಏನೂ ಉಳಿಯದೆ, ಬರೆಯುವ ಯಂತ್ರವನ್ನೇ ಹುಟ್ಟಿಸಲು ಕುಳಿತ. ಹಿಂದೊಮ್ಮೆ ಅವನು ಮಾಡಿದ ಸೊಳ್ಳೆ ಹಿಡಿಯುವ ಯಂತ್ರ ಪಕ್ಕದ ಮನೆಯ ಗಿಳಿಯನ್ನು ಹಿಡಿದುಕೊಟ್ಟಿತ್ತು. ಆದರೆ ಕಷ್ಟ ಎಂದಾಗ ಓಡಿ ಬರುವವನೂ ಅವನೊಬ್ಬನೇ. ಆದ್ದರಿಂದ ದ್ಯಾಮವ್ವ ಕಸಬರಿಗೆ ಮೂಲೆಗಿಟ್ಟು ಕೈಕಟ್ಟಿ ನಿಂತಳು.

“ಇದರ ಹೆಸರು ಚಿತ್ರಗುಪ್ತ!” ಎಂದ ಮೌನೇಶ. “ಕಣ್ಣಿಂದ ನೋಡತೈತಿ, ಪರದೆ ಮ್ಯಾಲ ತಾನs ನಕಾಶಿ ಬರೀತೈತಿ, ಪೆಟಗಿ ಒಳಗ ಕಬ್ಬಿಣದ ಪುಡಿ ಕಾಸಿ, ಎಳಿ ಮ್ಯಾಲ ಎಳಿ ಕೂಡಿಸಿ ಸಾಮಾನು ಮಾಡಿ ಕೊಡತೈತಿ! ಭಟ್ಟಿ ಬ್ಯಾಡ, ಅಚ್ಚು ಬ್ಯಾಡ!”

“ಯಮನ ಗುಮಾಸ್ತನ ಹೆಸರು ತಂದು ಮನಿಯಾಗಿನ ಯಂತ್ರಕ್ಕ ಇಟ್ಟಾರ ನೋಡಕ್ಕಾ!” ಎಂದಳು ಅವನ ಹೆಂಡತಿ ಇಂದ್ರವ್ವ. “ಕರಿಯಾಕ ಬಂದಾನೋ ಬರಿಯಾಕ ಬಂದಾನೋ ಯಾರಿಗೆ ಗೊತ್ತು.”

“ನೀ ಸುಮ್ನಿರs! ಹೋಗಿ ಮುಚ್ಚಳ ಇಲ್ಲದ ಆ ಹಾಲಿನ ಬೋಗುಣಿ ತಗೊಂಬಾ!”

ಬೋಗುಣಿ ಬಂತು. ಗಾಜಿನ ಕಣ್ಣು ಅದನ್ನು ಮೇಲೆ ಕೆಳಗೆ ನೋಡಿತು. ಪರದೆಯ ಮೇಲೆ ಹಸಿರು ಗೆರೆಗಳು ಓಡಾಡಿ, ಬೋಗುಣಿಯ ಚಿತ್ರವೂ ಅದರ ಮೇಲೊಂದು ಮುಚ್ಚಳದ ಚಿತ್ರವೂ ಮೂಡಿದವು. ಪೆಟ್ಟಿಗೆ ಗೊರಕೆ ಹೊಡೆಯಿತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು, ಹೊಳೆಯುವ ಕಬ್ಬಿಣದ ಮುಚ್ಚಳವೊಂದು ಹೊರಗೆ ಜಾರಿತು. ಓಣಿಯ ಹೆಂಗಸರು “ಅಯ್ಯ ಶಿವನ!” ಎಂದು ಬಾಯಿಗೆ ಸೆರಗು ಹಿಡಿದರು.

ಇಂದ್ರವ್ವ ಮುಚ್ಚಳವನ್ನು ಬೋಗುಣಿಯ ಮೇಲಿಟ್ಟಳು. ಅದು ಬೋಗುಣಿಯನ್ನು ದಾಟಿ ಸುತ್ತಲೂ ಕೊಡೆಯಂತೆ ಚಾಚಿಕೊಂಡಿತು.

“ದೊಡ್ಡದಾತಲ್ರಿ.”

“ಇರಲಿ ಎಂದು ಒಂದಿಷ್ಟು ಬಿಟ್ಟಿದ್ದೇನೆ. ಆರಿದ ಮೇಲೆ ಕುಗ್ಗುತ್ತದೆ,” ಎಂದಿತು ಯಂತ್ರ, ಶಾಲೆಯ ಮಾಸ್ತರರಂಥ ಗಂಭೀರ ಧ್ವನಿಯಲ್ಲಿ.

ಮೌನೇಶ ಹಿಗ್ಗಿಹೋದ. “ಕೇಳಿದ್ರ್ಯಾ? ನಾ ಕಲಿಸಿದ್ದು! ಎರಕ ಹೊಯ್ಯೂವಾಗ ಕಾದ ಕಬ್ಬಿಣ ಮೈಚೆಲ್ಲಿ ಕುಂತಿರತೈತಿ. ಆರಿದಂಗ ಮೈ ಮುದುರತೈತಿ. ಅದಕ್ಕ ಮಾದರಿ ಯಾವಾಗಲೂ ಒಂದೀಟು ದೊಡ್ಡದs ಇರಬೇಕು. ನಮ್ಮ ಮಾದರಿ ಕೆಲಸಕ್ಕ ಅಳತಿ ಪಟ್ಟಿನs ಬ್ಯಾರೆ ಇರ್ತಿತ್ತು, ಅದರ ಇಂಚು ಊರ ಇಂಚಿಗಿಂತ ಉದ್ದ!”

ಎಲ್ಲರೂ ಮುಚ್ಚಳದ ಸುತ್ತ ಕುಳಿತು ಅದು ಕುಗ್ಗುವುದನ್ನು ಕಾದರು. ಮಾತಾಡಿದರೆ ತಡವಾದೀತೆಂದು ಯಾರೂ ಮಾತಾಡಲಿಲ್ಲ. ಮುಚ್ಚಳ ಬೆಚ್ಚಗಾಯಿತು, ತಣ್ಣಗಾಯಿತು, ಕಡೆಗೆ ಅದರ ಮೇಲೊಂದು ಬೆಕ್ಕು ಬಂದು ಮಲಗಿತು. ಬೆಕ್ಕಿಗೆ ಹೊರಳಾಡಲು ಜಾಗ ಸಾಕಷ್ಟಿತ್ತು. ಮುಚ್ಚಳ ಕುಗ್ಗಲಿಲ್ಲ.

“ಅಲ್ಲೋ ಮೌನೇಶ,” ಎಂದಳು ದ್ಯಾಮವ್ವ ಮೆಲ್ಲಗೆ, “ನೀ ಇಲ್ಲಿ ಎರಕ ಹೊಯ್ಯೂದs ಇಲ್ಲಲ್ಲ. ಪುಡಿ ಅಂಟಿಸಾಕತ್ತಿ.”

ಮೌನೇಶ ಬೆಕ್ಕನ್ನು ಓಡಿಸಿ ಮುಚ್ಚಳ ತಿರುವಿ ನೋಡಿದ. ಜೀವಮಾನವಿಡೀ ಮಾದರಿಗೆ ಬಿಡುತ್ತ ಬಂದ ಹೆಚ್ಚಿನ ಅಳತೆಯನ್ನು ಇಲ್ಲೂ ಕೈ ತಾನಾಗಿಯೇ ಬಿಟ್ಟಿತ್ತು. “ಹೌದಲ್ರಿ! ಈಗಿಂದೀಗ ತಗದ ಹಾಕತೇನಿ!” ಎಂದು ಕೀಲಿಮಣೆಯ ಮೇಲೆ ಬೆರಳಾಡಿಸಿದ.

ಚಿತ್ರಗುಪ್ತ ಒಪ್ಪಲಿಲ್ಲ. “ನಿಮ್ಮ ಮನೆಯಲ್ಲಿ ಎಲ್ಲರೂ ಒಂದಿಷ್ಟು ಬಿಡುತ್ತಾರೆ,” ಎಂದಿತು. “ಇಂದ್ರವ್ವನವರು ಅಕ್ಕಿ ಅಳೆದ ಮೇಲೆ, ಯಾರಾದರೂ ಬಂದರೆ ಇರಲಿ ಎಂದು ಇನ್ನೊಂದು ಹಿಡಿ ಹಾಕುತ್ತಾರೆ. ದರ್ಜಿ ಕುಪ್ಪಸದ ಒಳಗೆ ಬಟ್ಟೆ ಬಿಡುತ್ತಾನೆ. ನಾನು ಕೇಳಿಸಿಕೊಂಡಿದ್ದೇನೆ.”

“ನಾ ಅಕ್ಕಿ ಹಾಕೂದೂ ಕೇಳಿಸ್ಕೊಂತೈತೇನ್ರಿ ಇದು?” ಎಂದು ಇಂದ್ರವ್ವ ಸೆರಗು ಸರಿಮಾಡಿಕೊಂಡಳು.

ಹೇಗೋ ಮೌನೇಶ ಅದನ್ನು ಒಲಿಸಿ, ಸೀಳಿದ ಗಾಲಿಯ ಎರಡು ಹೋಳುಗಳನ್ನು ಕಣ್ಣಿನ ಎದುರು ಜೋಡಿಸಿಟ್ಟ. ಸಂಜೆಯೊಳಗೆ ಗಾಲಿ ಬಂತು. ಎಂಥ ಗಾಲಿ! ಚಕ್ಕಡಿಗೆ ಹಾಕಿದರೆ ಎತ್ತು ಹೆಮ್ಮೆಪಡಬೇಕು, ಅಂಥದ್ದು. ಮೌನೇಶನೂ ದ್ಯಾಮವ್ವನೂ ಹೊತ್ತು ತಂದು ಗಿರಣಿಯ ಶಾಫ್ಟಿಗೆ ಏರಿಸಿದರು. ಗಾಲಿಯ ನಡುವಿನ ತೂತು ಶಾಫ್ಟಿಗಿಂತ ಎಷ್ಟೋ ದೊಡ್ಡದಾಗಿದ್ದರಿಂದ ಅದು ಅಲ್ಲಿ ನಿಲ್ಲದೆ, ಮುದುಕಿಯ ಕೈಬಳೆಯಂತೆ ಜೋತಾಡಿತು.

“ದೊಡ್ಡದಾತು!” ಎಂದು ಮೌನೇಶ ಯಂತ್ರಕ್ಕೆ ಕೂಗಿ ಹೇಳಿದ.

ಗಾಜಿನ ಕಣ್ಣು ಕತ್ತು ಚಾಚಿ ಗಿರಣಿಯನ್ನು ನೋಡಿತು. “ಗಾಲಿ ದೊಡ್ಡದಾಗಿಲ್ಲ. ಗಿರಣಿ ಸಣ್ಣದಾಗಿದೆ. ಒಂದನ್ನು ತಿದ್ದಿದರೆ ಅದಕ್ಕೆ ಕೂಡಿದ್ದನ್ನೆಲ್ಲ ತಿದ್ದುವುದು ನನ್ನ ಧರ್ಮ.”

“ಅದs ಇದರ ಚಂದ ವೈನಿ!” ಎಂದ ಮೌನೇಶ, ಆ ಸಂಕಟದಲ್ಲೂ. “ನಕಾಶಿಯೊಳಗ ಎಲ್ಲಾ ಒಂದಕ್ಕೊಂದು ಗಂಟು ಹಾಕೇನಿ. ಒಂದು ಎಳದ್ರ ಎಲ್ಲಾ ಬರ್ತಾವ!”

ಬಂದವು. ಮೊದಲು ಶಾಫ್ಟಿಗೆ ತೊಡಿಸುವ ದಪ್ಪ ಕೊಳವೆ ಬಂತು. ಕೊಳವೆಗೆ ತಕ್ಕಂತೆ ಕಾಳು ಸುರಿಯುವ ಡಬ್ಬಿ ಬಂತು, ಎಮ್ಮೆ ನೀರು ಕುಡಿಯುವ ತೊಟ್ಟಿಯಷ್ಟು. ಡಬ್ಬಿಗೆ ತಕ್ಕ ಸೇರು ಬಂತು. ಅದನ್ನು ಎತ್ತಲು ಇಬ್ಬರು ಬೇಕು! ಗಿರಣಿ ಹಿಗ್ಗಿದರೆ ಬಾಗಿಲು ಸಾಲದೆಂದು ಬಾಗಿಲಿನ ಚಿಲಕ ಬಂತು, ಚಿಲಕಕ್ಕೊಂದು ಬೀಗ ಬಂತು. ಬೀಗದ ಕೈಯನ್ನು ಇಂದ್ರವ್ವ ಹೆಗಲ ಮೇಲಿಟ್ಟುಕೊಂಡು ಒಳಗೆ ತಂದಳು. ಯಂತ್ರ ತಾನು ಮಾಡಿದ್ದನ್ನು ಮತ್ತೆ ಮತ್ತೆ ತಾನೇ ನೋಡುತ್ತಿತ್ತು, ನೋಡಿದಾಗೊಮ್ಮೆ ಗಾಲಿಯ ನಕಾಶೆಗೆ ಇನ್ನೊಂದಿಷ್ಟು ಬಿಡುತ್ತಿತ್ತು.

“ನಿಂದರ್ಸೋ ಮಾರಾಯಾ!” ಎಂದಳು ದ್ಯಾಮವ್ವ. “ಗಿರಣಿ ಉಳಸಂದ್ರ ರಾಕ್ಷಸನ ಸಂಸಾರಾ ಹೂಡಾಕತ್ತಿ!”

ಆ ಹೊತ್ತಿಗೇ ಅಡಿವೆಪ್ಪ ಸಾವಕಾರ ಗದ್ದಲ ಕೇಳಿ ಬಂದ. ಅವನ ಕಣ್ಣು ಮೊದಲು ಚಿಲಕಕ್ಕೆ ಬಿತ್ತು.

“ಯಾರನ ಕೇಳಿ ನನ್ನ ಬಾಗಲಕ ಕೈ ಹಚ್ಚೀರಿ? ಇದೇನ ಕೋಣಿಯೋ ಕ್ವಾಟಿಯೋ?”

“ಸಾವಕಾರ್ರ, ಒಂದs ನಿಮಿಷ...” ಎಂದು ಮೌನೇಶ ಮುಂದೆ ಬರುವಷ್ಟರಲ್ಲಿ ಗಾಜಿನ ಕಣ್ಣು ಸಾವಕಾರನ ಕಡೆ ತಿರುಗಿ, ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆಯಿತು. ದೊಡ್ಡವರು ಬಂದರೆ ಕುರ್ಚಿ ಕೊಡಬೇಕೆಂಬುದನ್ನೂ ಅದು ಮೌನೇಶನ ಮನೆಯಲ್ಲೇ ಕಲಿತಿತ್ತು. ಪೆಟ್ಟಿಗೆ ಗೊರಕೆ ಹೊಡೆಯಿತು. ಹೊರಗೆ ಬಂದ ಕುರ್ಚಿಯನ್ನು ಏರಲು ಸಾವಕಾರನಿಗೆ ಇಬ್ಬರು ಕೈ ಕೊಡಬೇಕಾಯಿತು. ಕುಳಿತ ಮೇಲೆ ಅವನ ಕಾಲು ನೆಲ ಮುಟ್ಟಲಿಲ್ಲ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಕೂಸಿನಂತೆ ಕಾಲು ಇಳಿಬಿಟ್ಟು ಕುಳಿತು ಅವನು ಕೆಂಡವಾದ.

“ಇಳಸ್ರಿ ನನ್ನ! ಇಳಸ್ರಿ ಅಂದ್ನಿ! ಏನಿದು ಚಾಷ್ಟಿ?”

“ಸಾವಕಾರರು ಕಾದಿದ್ದಾರೆ,” ಎಂದು ಚಿತ್ರಗುಪ್ತ ಶಾಂತವಾಗಿ ಹೇಳಿತು. “ಆರಿದ ಮೇಲೆ ಕುಗ್ಗುತ್ತಾರೆ.”

ಓಣಿಯವರು ನಕ್ಕರು. ದ್ಯಾಮವ್ವ ನಗಲಿಲ್ಲ. ಕುರ್ಚಿಯಿಂದ ಇಳಿದ ಸಾವಕಾರ ಅವಳ ಮುಖ ಸಹ ನೋಡದೆ, “ಸೋಮವಾರ. ಒಂದು ತಾಸೂ ಮ್ಯಾಲ ಕೊಡೂದಿಲ್ಲ,” ಎಂದು ಹೇಳಿ ನಡೆದಾಗ, ಆ ನಗೆಗೆ ಬೆಲೆ ತೆರಬೇಕಾದವಳು ತಾನೊಬ್ಬಳೇ ಎಂದು ಅವಳಿಗೆ ತಿಳಿಯಿತು. ಅವಳು ಯಾರನ್ನೂ ಬೈಯಲಿಲ್ಲ. ಜೋತಾಡುತ್ತಿದ್ದ ಗಾಲಿಯನ್ನು ಶಾಫ್ಟಿನಿಂದ ಇಳಿಸಿ ಗೋಡೆಗೆ ಒರಗಿಸಿದಳು. ಬೈದಿದ್ದರೆ ಮೌನೇಶನಿಗೆ ಹಗುರಾಗುತ್ತಿತ್ತು.

ಭಾನುವಾರ ಮುಂಜಾನೆ ಮೌನೇಶ ಬಂದಾಗ ಮುಖ ಬಾಡಿತ್ತು.

“ಪುಡಿ ಮುಗೀತ್ರಿ ವೈನಿ. ಎಲ್ಲಾ ಕುರ್ಚಿ, ಚಿಲಕಕ್ಕs ಹೋತು. ಇವತ್ತು ಎಲ್ಲಾ ಬಂದ್. ನಾಳೆ ತರೂದ್ರಾಗ ಸಾವಕಾರ ಬಂದಿರ್ತಾನ.”

“ಆದಂಗ ಆಗ್ಲಿ ಬಿಡು.”

“ಆದಂಗ ಆಗ್ಲಿ ಅಂದ್ರ ಹೆಂಗ್ರಿ? ಅಣ್ಣನ ಗಿರಣಿ ಅದು!” ಎಂದು ಮೌನೇಶ ಮೊದಲ ಸಲ ದನಿ ಏರಿಸಿದ. ಆಮೇಲೆ ತಗ್ಗಿಸಿದ. “ಒಂದು ಕೆಲಸಾ ಮಾಡೂಣು. ನಮ್ಮ ಕಾರಖಾನ್ಯಾಗ ತುಟ್ಟಿ ಮಾಲು ಹಾಕೂ ಮೊದಲ ಹಗುರ ಮಾಲಿನ್ಯಾಗ ಒಂದು ಪರೀಕ್ಷಾ ತುಂಡು ತಗೀತಿದ್ವಿ, ಅಳತಿ ನೋಡಾಕ. ಇದರ ಅಳತಿಯರೆ ಎಷ್ಟು ಕೆಟ್ಟೈತಿ ಅನ್ನೂದು ಇವತ್ತs ನೋಡಿಬಿಟ್ರ, ನಾಳೆ ಪುಡಿ ಸಿಕ್ಕ ಕೂಡ್ಲೆ ಒಂದs ಏಟಿಗೆ ಮಾಡಬಹುದು. ಸಾವಕಾರಗ ಕೈಕಾಲು ಬಿದ್ದು ಮಧ್ಯಾಹ್ನದ ತನಕ ತಡಿಯೂಣು.”

“ಹಗುರ ಮಾಲಂದ್ರ ಏನ ಹಾಕತಿ?”

ಮೌನೇಶ ಸುತ್ತಲೂ ನೋಡಿದ. ಗಿರಣಿಯಲ್ಲಿ ಏನಿರುತ್ತದೆ? ಮೂಲೆಯಲ್ಲಿ ಒಂದು ಚೀಲ ಜೋಳದ ಹಿಟ್ಟಿತ್ತು. ದ್ಯಾಮವ್ವನ ಸ್ವಂತದ್ದು, ಗಾಲಿ ಸೀಳುವ ಮೊದಲು ಬೀಸಿದ ಕಡೆಯ ಹಿಟ್ಟು. ಅದನ್ನು ಅವಳು ರೊಟ್ಟಿಗೂ ಮುಟ್ಟಿರಲಿಲ್ಲ. ಮುಟ್ಟಿದರೆ ಮುಗಿದುಹೋಗುತ್ತದಲ್ಲ ಎಂಬ ಒಂದು ಹಿಂಜರಿಕೆ. ಈಗ ಚೀಲದ ಬಾಯಿ ಬಿಚ್ಚಿದಳು. ಆಮೇಲೆ ಒಲೆ ಹೊತ್ತಿಸಿ ನೀರಿಗಿಟ್ಟಳು.

“ಒಣಾ ಹಿಟ್ಟು ಅಂಟೂದಿಲ್ಲ. ಕುದಿಯೂ ನೀರು ಹಾಕಿ ನಾದಬೇಕು. ನಿನ್ನ ಪೆಟಗಿ ಕಾವು ಇಳಸು. ಹಂಚಿನ ಮ್ಯಾಲ ನೀರು ಚಿಮುಕಿಸಿದ್ರ ಚುರ್ ಅನ್ನಬೇಕು, ಅಷ್ಟ.”

ಮೌನೇಶ ಕಾವು ಇಳಿಸಿದ. ಇಂದ್ರವ್ವ ನೀರು ಹೊಯ್ದಳು, ದ್ಯಾಮವ್ವ ನಾದಿದಳು. ಇಡೀ ಚೀಲದ ಹಿಟ್ಟು ಚಿತ್ರಗುಪ್ತನ ನೆತ್ತಿಯ ಡಬ್ಬಿಯೊಳಗೆ ಇಳಿಯಿತು.

“ಇದು ಯಾವ ಲೋಹ?” ಎಂದು ಕೇಳಿತು ಯಂತ್ರ.

“ಬಿಳಿಜ್ವಾಳ!” ಎಂದ ಮೌನೇಶ ಸಿಡುಕಿನಿಂದ. “ಮುಚ್ಕೊಂಡು ಗಾಲಿ ತಗೀ.”

ಗಾಲಿ ಹೊರಗೆ ಬಂತು. ನಿನ್ನೆಯ ಕಬ್ಬಿಣದ ಗಾಲಿಗಿಂತಲೂ ದೊಡ್ಡದು! ನೋಡಿ ನೋಡಿ ಬಿಟ್ಟದ್ದೆಲ್ಲ ಅದರಲ್ಲಿ ಸೇರಿತ್ತು. ಹಸಿಯಾಗಿ, ಬೆಚ್ಚಗೆ, ಹಬೆಯಾಡುತ್ತ ಅದು ಹಲಗೆಯ ಮೇಲೆ ಮೈಚೆಲ್ಲಿ ಕುಳಿತಿತ್ತು.

“ಇರಲಿ ಎಂದು...” ಎಂದು ಯಂತ್ರ ಶುರುಮಾಡಿತು. ಇಂದ್ರವ್ವ ಗೋಡೆಯ ಹತ್ತಿರ ಹೋಗಿ ಅದರ ವೈರು ಕಿತ್ತಳು.

ಹಸಿ ಹಿಟ್ಟು ಕೋಣೆಯಲ್ಲಿ ಹುಳಿ ಹಿಡಿಯಬಾರದೆಂದು ಮೂವರೂ ಅದನ್ನು ಹಲಗೆಸಮೇತ ಮಾಳಿಗೆಯ ಮೇಲೆ ಬಿಸಿಲಿಗಿಟ್ಟರು. ನಾಳೆ ಎಮ್ಮೆ ಇದ್ದವರಿಗೆ ಕೊಟ್ಟರಾಯಿತು. ಚಳಿಗಾಲದ ಒಣ ಗಾಳಿ ಬೀಸುತ್ತಿತ್ತು. ತುಟಿ ಒಡೆಯುವಂಥ ಗಾಳಿ.

ಸೋಮವಾರ ಬೆಳಗಾಗುತ್ತಲೇ ದ್ಯಾಮವ್ವ ಎಮ್ಮೆಯ ಪಾಲನ್ನು ಇಳಿಸಲು ಮಾಳಿಗೆ ಹತ್ತಿದಳು. ಹಲಗೆಯ ಮೇಲೆ ನಿನ್ನೆಯ ಗಾಲಿ ಇರಲಿಲ್ಲ. ಇನ್ನೊಂದಿತ್ತು. ಅದೇ ಆಕಾರ, ಅದೇ ಅರಗಳು, ಅಳತೆ ಮಾತ್ರ ಸಣ್ಣದು. ಪಕ್ಕದಲ್ಲೊಂದು ಕಾಗೆ ಅದನ್ನು ಕುಕ್ಕಿ ನೋಡಿ, ಕೊಕ್ಕು ಗೋಡೆಗೆ ಒರೆಸಿಕೊಂಡು, ಅವಮಾನವಾದವರಂತೆ ದೂರ ಕುಳಿತಿತ್ತು. ದ್ಯಾಮವ್ವ ಬೆರಳಿನಿಂದ ಬಡಿದಳು. ಠಣ್ ಎಂದಿತು.

ಜೋಳದ ರೊಟ್ಟಿ ಬಡಿಯುವವರಿಗೆ ಅದರಲ್ಲಿ ಅಚ್ಚರಿಯೇನೂ ಇಲ್ಲ. ಹಸಿರೊಟ್ಟಿ ಹಂಚಿನಗಲ ಇರುತ್ತದೆ, ಒಣಗಿ ಖಡಕ್ ಆದಾಗ ಮೈ ಮುದುರುತ್ತದೆ. ಕಬ್ಬಿಣ ಅಷ್ಟು ಕುಗ್ಗಲಾರದು, ಜೋಳ ಕುಗ್ಗಿತ್ತು. ಗಾಲಿಯನ್ನು ಸೊಂಟದ ಮೇಲಿಟ್ಟುಕೊಂಡು ಮೆಟ್ಟಿಲಿಳಿದು, ಗಿರಣಿಯೊಳಗೆ ಹೋಗಿ ಶಾಫ್ಟಿಗೆ ಒತ್ತಿದಳು. ಉಂಗುರ ಬೆರಳಿಗೆ ಕೂಡುವ ಹಾಗೆ ಕೂಡಿತು. ಬೆಣೆ ಹೊಡೆದಳು. ಪಟ್ಟಾ ಏರಿಸಿದಳು. ಕಲ್ಲಿಗೆ ಊದಿನಕಡ್ಡಿ ಬೆಳಗಿದಳು.

ಬಾಗಿಲಲ್ಲಿ ನೆರಳು ಬಿತ್ತು. ಅಡಿವೆಪ್ಪ ಸಾವಕಾರ ನಿಂತಿದ್ದ, ಹಿಂದೆ ಅಳತೆಯ ಟೇಪು ಹಿಡಿದ ಮೊಬೈಲ್ ಅಂಗಡಿಯವ.

“ಏನವಾ, ತಿರಗತೈತೋ ಇಲ್ಲೋ?”

ಅಷ್ಟರಲ್ಲಿ ಮೌನೇಶನೂ ಓಡಿ ಬಂದ. ಶಾಫ್ಟಿನ ಮೇಲೆ ಕುಳಿತದ್ದನ್ನು ನೋಡಿದವನೇ ಅವಳ ಕಿವಿಯ ಹತ್ತಿರ ಬಂದು, “ವೈನೀ, ಬ್ಯಾಡ್ರಿ! ಅದು ರೊಟ್ಟಿರೀ!” ಎಂದ.

“ಗೊತ್ತೈತಿ. ಹಿಟ್ಟು ನಾದಿದಾಕಿ ನಾನs.”

“ಸಿಡದ್ರ?”

“ತಿರಗಸದಿದ್ರೂ ಕೋಣಿ ಹೋಗತೈತಿ. ನೀ ಹಿಂದ ಸರಿ.”

ದ್ಯಾಮವ್ವ ಗುಂಡಿ ಒತ್ತಿದಳು. ಮೋಟಾರು ಮುಲುಗಿತು. ಪಟ್ಟಾ ಬಿಗಿಯಾಯಿತು. ಗಾಲಿ ಕರ್ ಎಂದು ಒಮ್ಮೆ ಹಲ್ಲು ಕಡಿಯಿತು. ಅದನ್ನು ಕೇಳಿ ಮೌನೇಶ ಕಣ್ಣು ಮುಚ್ಚಿಕೊಂಡ. ಆಮೇಲೆ ಗಾಲಿ ತಿರುಗಿತು. ಮೆಲ್ಲಗೆ, ಆಮೇಲೆ ಬಿರುಸಾಗಿ, ಆಮೇಲೆ ಕಣ್ಣಿಗೆ ಕಾಣದಷ್ಟು ಬಿರುಸಾಗಿ! ಕಲ್ಲು ಗುಡುಗಿತು. ಎಷ್ಟೋ ದಿನಗಳಿಂದ ಸುಮ್ಮನಿದ್ದ ಓಣಿಯಲ್ಲಿ ಆ ಸದ್ದು ಉರುಳಿಕೊಂಡು ಹೋಯಿತು. ಮನೆಮನೆಯ ಬಾಗಿಲು ತೆರೆದವು. ಮೊದಲು ಬಂದವಳು ಮೂಲಿಮನೆಯ ಹಾಶಿಂಬಿ, ತಲೆಯ ಮೇಲೆ ಜೋಳದ ಬುಟ್ಟಿ. “ದ್ಯಾಮಕ್ಕಾ, ಗಿರಣಿ ಚಾಲೂ ಆತೇನಾ? ನನ್ನ ಪಾಳಿ ಮೊದಲ ಐತಿ ನೋಡ ಮತ್ತ!”

ದ್ಯಾಮವ್ವ ಬುಟ್ಟಿ ಇಳಿಸಿಕೊಂಡು ಕಾಳು ಸುರಿದಳು. ಹಿಟ್ಟು ಬೀಳುವ ಜಾಗದಲ್ಲಿ ಅಂಗೈ ಒಡ್ಡಿ, ಬೆಚ್ಚಗೆ ಬಿದ್ದ ಮೊದಲ ಹಿಟ್ಟನ್ನು ಬೆರಳಿನಿಂದ ಉಜ್ಜಿ ನೋಡಿದಳು. ಸಣ್ಣಗೆ ಬಿದ್ದಿತ್ತು. ಆಗ ಅವಳ ಕಣ್ಣಲ್ಲಿ ನೀರು ಬಂತು. ಹಿಟ್ಟಿನ ಧೂಳಿನಲ್ಲಿ ಯಾರಿಗೂ ಕಾಣಲಿಲ್ಲ.

ಪಟ್ಟಾ ತಿಕ್ಕಿ ತಿಕ್ಕಿ ಗಾಲಿ ಬಿಸಿಯಾಯಿತು. ಬಿಸಿಯಾದಂತೆ ಕೋಣೆಯ ತುಂಬ ಹಂಚಿನ ಮೇಲಿನ ರೊಟ್ಟಿಯ ವಾಸನೆ ಹರಡಿತು. ಮೊಬೈಲ್ ಅಂಗಡಿಯವ ಟೇಪು ಸುತ್ತಿಟ್ಟು ಜೊಲ್ಲು ನುಂಗಿದ. ಬಾಗಿಲಲ್ಲಿ ಓಣಿಯ ನಾಯಿಗಳೆಲ್ಲ ಸಾಲಾಗಿ, ಪೂಜೆಗೆ ಬಂದವರಂತೆ ಕುಳಿತವು.

ಮೌನೇಶ ವೈರು ಚುಚ್ಚಿ ಚಿತ್ರಗುಪ್ತನನ್ನು ಎಬ್ಬಿಸಿದ. ಗಾಜಿನ ಕಣ್ಣು ತಿರುಗುವ ಗಾಲಿಯನ್ನು ಬಹಳ ಹೊತ್ತು ನೋಡಿತು.

“ಆರಿದ ಮೇಲೆ ಕುಗ್ಗುತ್ತದೆ ಎಂದು ಹೇಳಿದ್ದೆ,” ಎಂದಿತು. ಅಂದಿನಿಂದ ಅದು ಕಬ್ಬಿಣವನ್ನು ಮೂಸಿಯೂ ನೋಡಲಿಲ್ಲ. ಬರೆದ ಪ್ರತಿಯೊಂದು ನಕಾಶೆಯ ಮೂಲೆಯಲ್ಲೂ ‘ಲೋಹ: ಬಿಳಿಜೋಳ’ ಎಂದು ನಮೂದಿಸುತ್ತಿತ್ತು. ಸಣ್ಣ ಮೊಳೆ, ತಿರುಪುಗಳಿಗಾದರೆ ಸಜ್ಜೆ ಕೇಳುತ್ತಿತ್ತು.

“ಯಂತ್ರಕ್ಕ ಹುಚ್ಚು ಹಿಡೀತು,” ಎಂದು ಮೌನೇಶ ಹಣೆ ಚಚ್ಚಿಕೊಂಡ.

“ಊರಿಗೆಲ್ಲಾ ಇರೂದs ಅದಕ್ಕೂ ಹಿಡದೈತಿ,” ಎಂದಳು ಇಂದ್ರವ್ವ.

ಸಾವಕಾರ ಮಾತ್ರ ಒಳಗೆ ಬಂದು, ಗಾಲಿಯ ಹತ್ತಿರ ಬಗ್ಗಿ, ಮೂಗು ಅರಳಿಸಿ ನಿಂತುಬಿಟ್ಟ. ಮಾತು ಕೊಟ್ಟಿದ್ದ, ಗಿರಣಿ ತಿರುಗುತ್ತಿತ್ತು, ಹೇಳುವುದಕ್ಕೇನೂ ಉಳಿದಿರಲಿಲ್ಲ. ಆದರೂ ಮಾಲಕನಾದವನು ಏನಾದರೂ ಕೇಳಬೇಕಲ್ಲ.

“ಕೋಣಿ ನಿಂದವಾ, ಖರೆ. ಆದ್ರ ಇದು... ನಾ ತಿಳ್ಕೊಂಡದ್ದು ಖರೆ ಇದ್ರ... ಇದು ಮುರದ್ರ ಏನ ಮಾಡತಿ?”

ದ್ಯಾಮವ್ವ ಹಾಶಿಂಬಿಯ ಬುಟ್ಟಿಗೆ ಹಿಟ್ಟು ತುಂಬಿ, ಸೆರಗಿನಿಂದ ಮುಖ ಒರೆಸಿಕೊಂಡು, ಮುಂದಿನವರ ಕಾಳಿಗೆ ಕೈ ಚಾಚಿದಳು.

“ಮುರದ ದಿನ ಊಟಕ್ಕ ಬರ್ರಿ ಸಾವಕಾರ್ರ. ಬದನಿಕಾಯಿ ಎಣಗಾಯಿ ಮಾಡಿರ್ತೇನಿ.”